ಸೆಕ್ಯೂರ್ಡ್, ಸ್ಟೂಡೆಂಟ್, ಅಣ್ಣನ ಕಾರ್ಡ್: ಅಮೆರಿಕಕ್ಕೆ ಓದಲು ಬಂದವರಿಗೆ ಮೊದಲು ಯಾವ ಕ್ರೆಡಿಟ್ ಕಾರ್ಡ್?

ಊರಲ್ಲಿ ಅಪ್ಪನ ಸಿಬಿಲ್ ಸ್ಕೋರ್ 800 ಇರಲಿ, ಎಜುಕೇಶನ್ ಲೋನ್ ನಿಮ್ಮ ಹೆಸರಲ್ಲೇ ಇರಲಿ. ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಇಲ್ಲಿ ಬಂದಿಳಿದ ದಿನ, ಇಲ್ಲಿ ಸಾಲದ ಲೆಕ್ಕ ಇಡುವ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಯಾರ ಹತ್ತಿರವೂ ನಿಮ್ಮ ಹೆಸರೇ ಇರುವುದಿಲ್ಲ. ಕಾರ್ಡ್ ಕೊಡಲು ಕ್ರೆಡಿಟ್ ಹಿಸ್ಟರಿ ಕೇಳುತ್ತಾರೆ, ಹಿಸ್ಟರಿ ಬರಲು ಕಾರ್ಡ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂತಾರಲ್ಲ, ಹಾಗೆ. ಎಂ.ಎಸ್. ಓದುವಾಗ ನಾನು ಮೂರು ದಾರಿಯನ್ನೂ ಹಿಡಿದು ನೋಡಿದೆ.

ಮೊದಲನೆಯದು ಬಿಟ್ಟಿ ದಾರಿ. ದೊಡ್ಡಮ್ಮನ ಮಗ ಇಲ್ಲೇ ಇದ್ದಾನೆ, ತನ್ನ ಹಳೇ ಕಾರ್ಡಿಗೆ ನನ್ನನ್ನು 'ಆಥರೈಸ್ಡ್ ಯೂಸರ್' ಮಾಡಿದ, ಅಂದರೆ ಅವನ ಖಾತೆಗೇ ನನ್ನ ಹೆಸರನ್ನೂ ಸೇರಿಸಿದ. ಅವನ ಕಾರ್ಡಿನ ವಯಸ್ಸೆಲ್ಲ ನನ್ನ ಕ್ರೆಡಿಟ್ ರಿಪೋರ್ಟಿಗೂ ಬಂತು, ಸ್ಕೋರ್ ಬೇಗ ಹುಟ್ಟಿತು. ಆದರೆ ಡಿಸೆಂಬರಿನಲ್ಲಿ ಅಣ್ಣ ಮನೆಮಂದಿಗೆಲ್ಲ ಬೆಂಗಳೂರಿಗೆ ಟಿಕೆಟ್ ಬುಕ್ ಮಾಡಿದ. ಅವನ ಲಿಮಿಟ್ ಹೆಚ್ಚುಕಮ್ಮಿ ತುಂಬಿತು, ಆ ತಿಂಗಳು ನನ್ನ ಸ್ಕೋರೂ ಬಿತ್ತು. ಅವನು ಬಿಲ್ ಕಟ್ಟಿದ ಮೇಲೆ ಸರಿಹೋಯಿತು ಅನ್ನಿ. ಆದರೂ ಇನ್ನೊಬ್ಬರ ಖರ್ಚಿಗೆ ನಮ್ಮ ಸ್ಕೋರ್ ಕಟ್ಟಿಹಾಕಿದರೆ ಹೀಗೇ. ಅಣ್ಣನಿಗೆ 'ಸ್ವಲ್ಪ ಕಡಿಮೆ ಉಜ್ಜೋ' ಅಂತ ಹೇಳೋಕಾಗುತ್ತಾ?

ಎರಡನೆಯದು ಸೆಕ್ಯೂರ್ಡ್ ಕಾರ್ಡ್. 200 ಡಾಲರ್ ಡೆಪಾಸಿಟ್ ಇಟ್ಟರೆ 200 ಡಾಲರ್ ಲಿಮಿಟ್. ನಮ್ಮದೇ ದುಡ್ಡನ್ನು ನಮಗೇ ಸಾಲ ಕೊಟ್ಟಂತೆ ಅಂತ ರೂಮ್‌ಮೇಟ್ ನಗುತ್ತಿದ್ದ. ನಗಲಿ. ಇಲ್ಲಿನ ಬ್ಯಾಂಕುಗಳು ಹೆಚ್ಚಾಗಿ ನೋಡುವ ಫೈಕೋ ಕ್ರೆಡಿಟ್ ಸ್ಕೋರಿನಲ್ಲಿ ಸುಮಾರು 35% ತೂಕ ಬಿಲ್ ಸರಿಯಾಗಿ ಕಟ್ಟಿದ್ದಕ್ಕೆ, 30% ಎಷ್ಟು ಬಾಕಿ ಇದೆ ಅನ್ನುವುದಕ್ಕೆ. ಡೆಪಾಸಿಟ್ ಇಟ್ಟು ಪಡೆದ ಕಾರ್ಡೋ ಅಲ್ಲವೋ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಸಣ್ಣ ಲಿಮಿಟ್ಟಿನ ತೊಂದರೆ ಬೇರೆ. ಇಂಡಿಯನ್ ಸ್ಟೋರಿಗೆ ಹೋಗಿ ಸೋನಾ ಮಸೂರಿ ಚೀಲ, ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ, ಒಂದು ಡಬ್ಬ ತುಪ್ಪ ತಂದರೆ 90 ಡಾಲರ್. ಲಿಮಿಟ್ಟಿನ 45% ಅಲ್ಲೇ ಹೋಯಿತು. 30% ಒಳಗಿರಿ ಅಂತಾರೆ, ಹತ್ತರ ಒಳಗಿದ್ದರೆ ಇನ್ನೂ ಒಳ್ಳೆಯದು. ಇದಕ್ಕೆ ಉಪಾಯ ಇದೆ. ಸಾಮಾನ್ಯವಾಗಿ ಸ್ಟೇಟ್‌ಮೆಂಟ್ ಬರುವ ದಿನ ಎಷ್ಟು ಬಾಕಿಯೋ ಅದೇ ರಿಪೋರ್ಟ್ ಆಗುತ್ತದೆ. ಅದಕ್ಕೆ ಎರಡು ದಿನ ಮೊದಲೇ ಆ್ಯಪಿನಲ್ಲಿ 80 ಡಾಲರ್ ಕಟ್ಟಿಬಿಡುತ್ತಿದ್ದೆ, 10 ಮಾತ್ರ ಉಳಿಯುತ್ತಿತ್ತು. ಬಾಕಿ ಉಳಿಸಿ ಬಡ್ಡಿ ಕಟ್ಟಿದರೆ ಸ್ಕೋರ್ ಬೆಳೆಯುತ್ತದೆ ಅನ್ನುವವರ ಮಾತು ಕೇಳಬೇಡಿ, ಅದು ಶುದ್ಧ ಸುಳ್ಳು.

ಡೆಪಾಸಿಟ್ ವಾಪಸ್ ಹೇಗೆ ಅಂತ ಮೊದಲೇ ಕೇಳಿಕೊಳ್ಳಿ. ನನ್ನ ಬ್ಯಾಂಕಿನವರು ಕಾರ್ಡ್ ಮುಚ್ಚಿದರೆ ಮಾತ್ರ ಕೊಡುತ್ತೇವೆ ಅಂದರು. ಡಿಸ್ಕವರ್ ಕಂಪನಿಯ ಸೆಕ್ಯೂರ್ಡ್ ಕಾರ್ಡಿನಲ್ಲಿ ಏಳನೇ ತಿಂಗಳಿಂದ ಅವರೇ ಪರಿಶೀಲಿಸುತ್ತಾರೆ, ಅರ್ಹತೆ ಇದ್ದರೆ ಕಾರ್ಡ್ ಮುಚ್ಚದೆಯೇ ಹಣ ವಾಪಸ್. ಕ್ಯಾಪಿಟಲ್ ಒನ್ ಪ್ಲಾಟಿನಂ ಸೆಕ್ಯೂರ್ಡ್‌ನಲ್ಲಿ ಕೆಲವರಿಗೆ 49 ಅಥವಾ 99 ಡಾಲರ್ ಇಟ್ಟರೂ 200ರ ಲಿಮಿಟ್ ಸಿಗುತ್ತದೆ.

ಮೂರನೆಯದು ಸ್ಟೂಡೆಂಟ್ ಕಾರ್ಡ್, ನಾನು ತಗೊಂಡಿದ್ದು ಡಿಸ್ಕವರ್ ಇಟ್ ಸ್ಟೂಡೆಂಟ್. ಡೆಪಾಸಿಟ್ ಇಲ್ಲ, ವಾರ್ಷಿಕ ಶುಲ್ಕ ಇಲ್ಲ, ಮೊದಲ ವರ್ಷದ ಕೊನೆಗೆ ಗಳಿಸಿದ ಕ್ಯಾಶ್‌ಬ್ಯಾಕನ್ನು ದುಪ್ಪಟ್ಟು ಮಾಡುತ್ತಾರೆ. ಮೂರು ತಿಂಗಳಿಗೊಮ್ಮೆ 5% ಕ್ಯಾಶ್‌ಬ್ಯಾಕ್ ಸಿಗುವ ಖರ್ಚಿನ ಬಗೆ ಬದಲಾಗುತ್ತದೆ, ಪ್ರತಿ ಸಲ ಆ್ಯಕ್ಟಿವೇಟ್ ಮಾಡಬೇಕು. ಕಿರಿಕಿರಿ, ಆದರೆ ದುಡ್ಡು ಬರುತ್ತದೆ. ವಿದೇಶಿ ವಹಿವಾಟಿಗೂ ಶುಲ್ಕವಿಲ್ಲ. ಓದು ಮುಗಿದ ಮೇಲೂ ನನ್ನ ಹತ್ತಿರ ಉಳಿದಿರುವುದು ಇದೊಂದೇ.

ಸೋಶಿಯಲ್ ಸೆಕ್ಯೂರಿಟಿ ನಂಬರ್ ಬಂದ ವಾರವೇ ಸ್ಟೂಡೆಂಟ್ ಕಾರ್ಡಿಗೆ ಅರ್ಜಿ ಹಾಕಿ. ಲೈಬ್ರರಿಯೋ ಡೈನಿಂಗ್ ಹಾಲೋ, ಕ್ಯಾಂಪಸ್ ಕೆಲಸ ಸಿಕ್ಕರೆ ಆ ನಂಬರಿಗೆ ಅರ್ಜಿ ಹಾಕಬಹುದು. ಕಾರ್ಡ್ ಸಿಗಲಿಲ್ಲ ಅಂದರೆ ಸಿಟ್ಟಿನಲ್ಲಿ ಇನ್ನೂ ನಾಲ್ಕು ಕಡೆ ಹಾಕಬೇಡಿ, ಒಂದೊಂದು ಹಾರ್ಡ್ ಇನ್‌ಕ್ವೈರಿಯೂ (ಅರ್ಜಿ ಹಾಕಿದಾಗ ಅವರು ನಿಮ್ಮ ರಿಪೋರ್ಟ್ ತೆಗೆದು ನೋಡಿದ ಗುರುತು) ರಿಪೋರ್ಟಿನಲ್ಲಿ ಎರಡು ವರ್ಷ ಕೂತಿರುತ್ತದೆ. ನೇರವಾಗಿ ಸೆಕ್ಯೂರ್ಡ್ ತಗೊಳ್ಳಿ. ಅಣ್ಣನ ಕಾರ್ಡ್, ಆ ಅಣ್ಣ ಲೆಕ್ಕದ ಮನುಷ್ಯ ಆಗಿದ್ದರೆ ಮಾತ್ರ.