ಬೆಕ್ಕು ಸಾಕಿದವರಿಗೆ ಹಿಂಜ್ ಆ್ಯಪ್ ಹೇಗೆ?

ಬೆಕ್ಕಿನ ನೆಪದಲ್ಲಿ ಮಾತು ಶುರು ಮಾಡಿ, ಸ್ವಲ್ಪ ಕಾಲೆಳೆದು, ಹಾಗೇ ಪರಿಚಯ ಬೆಳೆಸಬೇಕು ಅನ್ನುವವರಿಗೆ ಡೇಟಿಂಗ್ ಆ್ಯಪ್‌ಗಳ ಪೈಕಿ ಹಿಂಜ್ ಚೆನ್ನಾಗಿ ಒಗ್ಗುತ್ತದೆ. ಇಲ್ಲಿ ಲೈಕ್ ಬೀಳುವುದು ಇಡೀ ಪ್ರೊಫೈಲ್‌ಗಲ್ಲ, ಅದರಲ್ಲಿನ ಒಂದು ಫೋಟೋಗೆ ಅಥವಾ ಒಂದು ಉತ್ತರಕ್ಕೆ. ಜೊತೆಗೇ ಕಾಮೆಂಟ್ ಬರೆದು ಕಳಿಸಬಹುದು. ಫ್ರಿಜ್ ಮೇಲೆ ಕೂತ ಬೆಕ್ಕಿನ ಫೋಟೋ ಇದ್ದರೆ ಮಾತು ಆ ಫ್ರಿಜ್‌ನಿಂದಲೇ ಹೊರಡುತ್ತದೆ. "ಹಾಯ್, ಊಟ ಆಯ್ತಾ" ದಾಟಿ ಮುಂದೆ ಹೋಗಲು ತಿಣುಕಬೇಕಿಲ್ಲ.

ಪ್ರೊಫೈಲ್‌ನಲ್ಲಿ ಆರು ಫೋಟೋ ಅಥವಾ ವಿಡಿಯೊ, ಮೂರು ಪ್ರಶ್ನೆಗೆ ಉತ್ತರ. ಒಂದೊಂದು ಉತ್ತರಕ್ಕೆ 150 ಅಕ್ಷರದ ಮಿತಿ. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದರೂ ಉತ್ತರ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ, ಬರೆದರೆ ಸಾಲಿನಲ್ಲಿ ಎದ್ದು ಕಾಣುತ್ತದೆ ಕೂಡ. ಆದರೆ ಒತ್ತಕ್ಷರ, ಗುಣಿತ ಎಲ್ಲ ಸೇರಿ ಮಿತಿ ಬೇಗ ಮುಗಿಯುವುದರಿಂದ ವಾಕ್ಯ ಚಿಕ್ಕದಾಗಿರಲಿ. ಎರಡು ನಿಜ, ಒಂದು ಸುಳ್ಳು ಹೇಳಿ ಎನ್ನುವ ಪ್ರಶ್ನೆ ಬೆಕ್ಕಿನವರಿಗೆ ಹೇಳಿ ಮಾಡಿಸಿದ್ದು. "ಅದಕ್ಕೆ ಮೊಸರನ್ನ ಇಷ್ಟ. ಲಿಫ್ಟಿಗೆ ಹೆದರುತ್ತೆ. ಕರೆದರೆ ಬರುತ್ತೆ." ಸುಳ್ಳು ಯಾವುದು ಎಂದು ಊಹಿಸಿಯೇ ಜನ ಮೆಸೇಜು ಕಳಿಸುತ್ತಾರೆ.

ಫೋಟೋ ವಿಷಯದಲ್ಲಿ ಎಡವುವವರು ಜಾಸ್ತಿ. ಮೊದಲನೆಯ ಫೋಟೋ ನಿಮ್ಮದೊಬ್ಬರದೇ ಇರಲಿ, ಮುಖ ಸ್ಪಷ್ಟವಾಗಿ ಕಾಣಲಿ. ಬೆಕ್ಕು ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಬರಲಿ. ಗಂಡಸರಿಗೆ ಇದನ್ನು ಒತ್ತಿ ಹೇಳಬೇಕು. 2020ರಲ್ಲಿ 'ಆ್ಯನಿಮಲ್ಸ್' ಎಂಬ ಸಂಶೋಧನಾ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ, 18ರಿಂದ 24 ವಯಸ್ಸಿನ ಹೆಣ್ಣುಮಕ್ಕಳಿಗೆ ಅದೇ ಗಂಡಸಿನ ಫೋಟೋ ಬೆಕ್ಕಿನ ಜೊತೆ ಮತ್ತು ಬೆಕ್ಕಿಲ್ಲದೆ ತೋರಿಸಿದಾಗ, ಡೇಟಿಂಗ್ ಬೇಡ ಎಂದವರ ಪ್ರಮಾಣ ಬೆಕ್ಕಿಲ್ಲದ ಫೋಟೋಗಿಂತ ಬೆಕ್ಕು ಹಿಡಿದ ಫೋಟೋಗೆ ಹೆಚ್ಚಿತ್ತು. ನೋಡುವವರು ತಾವು ಬೆಕ್ಕಿನ ಪಕ್ಷವೋ ನಾಯಿಯ ಪಕ್ಷವೋ ಎನ್ನುವುದರ ಮೇಲೂ ಅಭಿಪ್ರಾಯ ಬದಲಾಗುತ್ತಿತ್ತು. ಹಾಗಂತ ಬೆಕ್ಕನ್ನು ಬಚ್ಚಿಡಬೇಡಿ. ಬೆಕ್ಕು ಆಗದವರು ಮೊದಲೇ ದೂರ ಸರಿದರೆ ಇಬ್ಬರಿಗೂ ಒಳ್ಳೆಯದು.

ಫ್ಲ್ಯಾಶ್ ಹಾಕಬೇಡಿ, ಬೆಕ್ಕಿನ ಕಣ್ಣಿನ ಹಿಂದೆ ಬೆಳಕು ಹಿಂದಿರುಗಿಸುವ ಪದರ ಇರುವುದರಿಂದ ಕಣ್ಣೆರಡೂ ಬಲ್ಬಿನಂತೆ ಹೊಳೆಯುತ್ತವೆ. ಕಿಟಕಿ ಬೆಳಕಿಗೆ, ನೆಲದ ಮೇಲೆ ಕೂತು ಅದರ ಕಣ್ಣಿನ ಮಟ್ಟಕ್ಕೆ ಫೋನ್ ಹಿಡಿದು ತೆಗೆಯಿರಿ. ಕರಿ ಬೆಕ್ಕಾದರೆ ಹಿಂದೆ ತಿಳಿ ಬಣ್ಣದ ಹೊದಿಕೆ ಹಾಸಿ, ಸ್ಕ್ರೀನಿನಲ್ಲಿ ಬೆಕ್ಕಿನ ಮೈ ಮೇಲೆ ಬೆರಳಿಟ್ಟು ಬೆಳಕು ಏರಿಸಿ. ಇಲ್ಲದಿದ್ದರೆ ಬರೀ ಕಪ್ಪು ಮುದ್ದೆ ಕಾಣುತ್ತದೆ. ಹಾಕುವ ಮುಂಚೆ ಫೋಟೋ ದೊಡ್ಡದು ಮಾಡಿ ನೋಡಿ. ಕೊರಳಪಟ್ಟಿಯ ಬಿಲ್ಲೆಯಲ್ಲಿ ಫೋನ್ ನಂಬರ್, ಕಿಟಕಿಯಾಚೆ ಅಪಾರ್ಟ್‌ಮೆಂಟ್ ಹೆಸರಿನ ಬೋರ್ಡು ಕಾಣಿಸುತ್ತಿದ್ದರೆ ಕತ್ತರಿಸಿ ಹಾಕಿ.

ದುಡ್ಡು ಕೊಡದವರಿಗೆ ದಿನಕ್ಕೆ 8 ಲೈಕ್. ಕಾಮೆಂಟ್ ಬರೆದೇ ಕಳಿಸುವವರಿಗೆ ಅದು ಧಾರಾಳ ಸಾಕು, ಅಷ್ಟಕ್ಕೋಸ್ಕರ ಚಂದಾ ಕಟ್ಟುವ ಅಗತ್ಯ ಇಲ್ಲ. 2024ರಲ್ಲಿ ತಂದ ಒಂದು ನಿಯಮವಂತೂ ಬಹಳ ಒಳ್ಳೆಯದು: ನೀವು ಉತ್ತರ ಕೊಡಬೇಕಾದ ಮಾತುಕತೆ 8 ಸೇರಿದರೆ, ಒಂದಕ್ಕೆ ಉತ್ತರ ಕೊಡಬೇಕು ಇಲ್ಲವೇ ಮುಗಿಸಬೇಕು, ಅಲ್ಲಿಯವರೆಗೆ ಹೊಸ ಮ್ಯಾಚ್ (ಇಬ್ಬರೂ ಒಪ್ಪಿ ಜೋಡಿಯಾಗುವುದು) ಇಲ್ಲ. ಮಾತು ಅರ್ಧಕ್ಕೇ ಬಿಟ್ಟು ಮಾಯವಾಗುವ ಚಾಳಿಗೆ ಇದು ಸ್ವಲ್ಪವಾದರೂ ಕಡಿವಾಣ.

ಇನ್ನು ಏನು ಬರೆಯಬೇಕು ಅನ್ನುವುದು. "ಕ್ಯೂಟ್ ಕ್ಯಾಟ್" ಎಂದರೆ "ಥ್ಯಾಂಕ್ಸ್" ಬರುತ್ತದೆ, ಮಾತು ಅಲ್ಲಿಗೆ ಮುಗಿಯಿತು. ಫೋಟೋದಲ್ಲಿ ಕಂಡದ್ದನ್ನೇ ಹಿಡಿದು ಕೇಳಿದರೆ ಹೀಗೆ ಹೋಗುತ್ತದೆ:

"ಫ್ರಿಜ್ ಮೇಲೆ ಕೂತಿರೋರು ಮನೆ ಓನರ್ರಾ?"
"ಹೌದು. ಬಾಡಿಗೆ ಮೀನಲ್ಲಿ ಕಟ್ತೀನಿ."
"ಅಡ್ವಾನ್ಸ್ ಎಷ್ಟು? ಅವರಿಗೆ ಇನ್ನೊಬ್ಬ ಬಾಡಿಗೆದಾರ ಬೇಕಾ ಅಂತ ವಿಚಾರಿಸಿ."
"ಅವರು ಇಂಟರ್‌ವ್ಯೂ ಮಾಡ್ತಾರಂತೆ. ನೀವು ಕಾಲಿಗೆ ಉಜ್ಜಿಸಿಕೊಳ್ಳೋಕೆ ರೆಡಿನಾ?"

ಒಂದೇ ಸಾಲಿನಲ್ಲಿ ಉತ್ತರಿಸುವಂಥ ಪ್ರಶ್ನೆ, ಕೀಟಲೆಗೆ ಜಾಗ, ಬಹುವಚನದ ಮರ್ಯಾದೆ, ಮೂರೂ ಇದೆ. "ನಿಮ್ಮ ಬೆಕ್ಕಾಗಿ ಹುಟ್ಟಬಾರದಿತ್ತಾ, ಮಡಿಲಲ್ಲಿ ಮಲಗ್ತಿದ್ದೆ" ಎನ್ನುವ ಸಾಲು ಮಾತ್ರ ಬೇಡವೇ ಬೇಡ. ಗುರುತಿಲ್ಲದವರ ಮೈಯ ಮಾತನ್ನು ಮೊದಲ ಮೆಸೇಜಿಗೇ ಎಳೆದರೆ ಓದುವವರಿಗೆ ಮುಜುಗರ, ಕೂಡಲೇ ಅನ್‌ಮ್ಯಾಚ್. "ಯಾವ ಬ್ರೀಡ್, ಎಷ್ಟಕ್ಕೆ ತಂದಿರಿ" ಎನ್ನುವುದೂ ಬೇಡ, ಎಷ್ಟೋ ಮನೆಯ ಬೆಕ್ಕು ಬೀದಿಯಿಂದ ತಾನಾಗೇ ಒಳಗೆ ಬಂದದ್ದು. ಹೇಗೆ ಬಂತು ಎಂದು ಕೇಳಿ, ಕಥೆ ತಾನೇ ಬಿಚ್ಚಿಕೊಳ್ಳುತ್ತದೆ. ಬಣ್ಣ ನೋಡಿ ಊಹೆ ಹೇಳುವುದು ಇನ್ನೊಂದು ಚಂದದ ದಾರಿ. ಕೇಸರಿ ಬೆಕ್ಕುಗಳಲ್ಲಿ ಐದಕ್ಕೆ ನಾಲ್ಕು ಗಂಡು. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇದ್ದರೆ ಹೆಚ್ಚುಕಡಿಮೆ ಹೆಣ್ಣೇ. ಕೇಸರಿಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುವುದೇ ಕಾರಣ. "ಇದು ಹುಡುಗಿ ಅಲ್ವಾ?" ಎಂದು ಹೇಳಿ ಗೆದ್ದರೆ ಮುಂದಿನ ಪ್ರಶ್ನೆ ಕೇಳುವ ಹಕ್ಕು ನಿಮ್ಮದು.

ನಾಲ್ಕು ದಿನ ಮಾತು ಓಡಿದ ಮೇಲೆ ಎಲ್ಲರೂ ವಾಟ್ಸ್‌ಆ್ಯಪ್‌ಗೆ ಹೊರಳುತ್ತಾರೆ. ಕೀಟಲೆಗೆ ಅಲ್ಲಿ ನಿಮ್ಮದೇ ಬೆಕ್ಕಿನ ಸ್ಟಿಕ್ಕರ್ ಮಾಡಬಹುದು: ಸ್ಟಿಕ್ಕರ್ ಗುರುತು ಒತ್ತಿ, ಹೊಸದು ಮಾಡುವ ಆಯ್ಕೆಗೆ ಹೋಗಿ, ಫೋಟೋ ಆರಿಸಿದರೆ ಹಿನ್ನೆಲೆ ತಾನೇ ಕತ್ತರಿಸಿಕೊಳ್ಳುತ್ತದೆ. ಬಿಳಿ ಹಾಸಿಗೆ ಮೇಲಿನ ಬಿಳಿ ಬೆಕ್ಕಾದರೆ ಕಿವಿಯೋ ಬಾಲವೋ ಹಾರಿಹೋಗುತ್ತದೆ, ಮೀಸೆ ಉಳಿಯುವುದು ಅಪರೂಪ. ಹಿನ್ನೆಲೆ ಬೇರೆ ಬಣ್ಣದ್ದಾಗಿದ್ದರೆ ಕೆಲಸ ಸಲೀಸು. ಫೋಟೋವನ್ನು ಡಾಕ್ಯುಮೆಂಟ್ ಆಗಿ ಮಾತ್ರ ಕಳಿಸಬೇಡಿ, ತೆಗೆದ ಜಾಗದ ವಿವರ ಅದರೊಳಗೆ ಉಳಿದಿರಬಹುದು.

ಒಮ್ಮೆಯೂ ವಿಡಿಯೊ ಕರೆಗೆ ಬಾರದವರು "ಮರಿಗೆ ಆಪರೇಷನ್ ಇದೆ, ಯುಪಿಐ ಮಾಡಿ" ಎಂದರೆ ದುಡ್ಡು ಹಾಕಬೇಡಿ. ಸ್ಕ್ರೀನ್‌ಶಾಟ್ ತೆಗೆದು, ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ, ಆಮೇಲೆ ಅನ್‌ಮ್ಯಾಚ್ ಮಾಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಜವಾಗಿ ಬೆಕ್ಕಿಗೆ ಹುಷಾರಿಲ್ಲ ಎಂದಾಗಲೂ ಅಕ್ಕರೆಯಿಂದ ಔಷಧಿ ಹೇಳಲು ಹೋಗಬೇಡಿ. ಮನುಷ್ಯರಿಗೆ ಕೊಡುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. "ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ಬುಟ್ಟಿ ಹಿಡಿಯೋಕೆ ನಾನು ಬರಲಾ?" ಎಂದರೆ ಸಾಕು.

ಭೇಟಿ ಮೊದಲು ಹೊರಗೆ ಕಾಫಿಗಿರಲಿ, ಮನೆಗೆ ಹೋಗುವುದು ಆಮೇಲೆ. ಹೋದಾಗ ಬೆಕ್ಕನ್ನು ಎತ್ತಿಕೊಳ್ಳಲು ಹೋಗದೆ ಸುಮ್ಮನೆ ಕೂತು, ಅದು ನೋಡಿದಾಗ ಕಣ್ಣನ್ನು ನಿಧಾನಕ್ಕೆ ಮುಚ್ಚಿ ತೆರೆಯಿರಿ. ಹಾಗೆ ಮಾಡಿದ ಅಪರಿಚಿತರ ಹತ್ತಿರ ಬೆಕ್ಕು ಬರುವುದು ಹೆಚ್ಚು ಎಂದು 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ ತೋರಿಸಿದ್ದಾರೆ. ಹೂ ಒಯ್ಯುವುದಾದರೆ ಮಲ್ಲಿಗೆ, ಗುಲಾಬಿ ತೊಂದರೆಯಿಲ್ಲ. ಬೊಕೆ ಕಟ್ಟಿಸುವಾಗ ಮಾತ್ರ ಅಂಗಡಿಯವರಿಗೆ ಹೇಳಿ ಲಿಲ್ಲಿ ತೆಗೆಸಿ. ಅದರ ಎಲೆ, ಹೂ, ಹೂದಾನಿಯ ನೀರು, ಮೈಗೆ ಅಂಟಿ ನೆಕ್ಕಿದ ಪರಾಗ ಕೂಡ ಬೆಕ್ಕಿನ ಮೂತ್ರಪಿಂಡ ಕೆಡಿಸುತ್ತದೆ. ಬಾಯಿ ಹಾಕಿದೆ ಎಂದು ಗೊತ್ತಾದರೆ ವಾಂತಿ ಶುರುವಾಗಲಿ ಎಂದು ಕಾಯದೆ ಆಗಲೇ ಪಶುವೈದ್ಯರ ಬಳಿ ಓಡಬೇಕು.