ಸೋಲಂಗ್, ಔಲಿ, ಗುಲ್ಮಾರ್ಗ್: ಮಕ್ಕಳ ಜೊತೆ ಸ್ಕೀಯಿಂಗ್‌ಗೆ ಎಲ್ಲಿ ಖರ್ಚು ಕಡಿಮೆ?

ಗುಲ್ಮಾರ್ಗ್ ಅಂದರೆ ಸಾಕು, 'ಅದು ದುಡ್ಡಿದ್ದವರಿಗೆ ಬಿಡಿ' ಅನ್ನುವವರೇ ಜಾಸ್ತಿ. ಬೆಂಗಳೂರಿನಿಂದ ಹೊರಡುವ ನಮ್ಮಂಥ ನಾಲ್ವರ ಸಂಸಾರಕ್ಕೆ ಲೆಕ್ಕ ಉಲ್ಟಾ. ಮೂರೂ ಕಡೆ ಹೋಗಿ ಬಂದಿದ್ದೇವೆ. ಒಟ್ಟು ಖರ್ಚು ಕೂಡಿಸಿದಾಗ ಅಗ್ಗ ಬಿದ್ದಿದ್ದು ಗುಲ್ಮಾರ್ಗೇ.

ಸೋಲಂಗ್ ಮನಾಲಿಯ ಪಕ್ಕದಲ್ಲೇ ಇದೆ. ದಾರಿಯುದ್ದಕ್ಕೂ ನಂಬರ್ ಬರೆದ ಅಂಗಡಿಗಳಲ್ಲಿ ಕೋಟು, ಗಮ್‌ಬೂಟು ಬಾಡಿಗೆಗೆ ಸಿಗುತ್ತವೆ. ಮೇಲೆ ಹೋದರೆ ಒಬ್ಬ ಬಂದು ಕಾಲಿಗೆ ಸ್ಕೀ ಸಿಕ್ಕಿಸುತ್ತಾನೆ, ಕೈ ಹಿಡಿದು ಸ್ವಲ್ಪ ದೂರ ಜಾರಿಸುತ್ತಾನೆ, ಫೋಟೋ ತೆಗೆದು ಸ್ಕೀ ಬಿಚ್ಚಿಕೊಂಡು ಹೋಗುತ್ತಾನೆ. ಸುಮ್ನೆ ಹಿಮ ನೋಡಿ ಬರುವವರಿಗೆ ಅಡ್ಡಿಯಿಲ್ಲ.

ಉತ್ತರಾಖಂಡದ ಔಲಿಯ ಇಳಿಜಾರು ಚೆನ್ನಾಗಿದೆ. ಎದುರಿಗೇ ನಂದಾದೇವಿ ಶಿಖರ. ಸರ್ಕಾರಿ ನಿಗಮದ ವಸತಿಗೃಹ ಇದೆ, ಸ್ಕೀ ಕೋರ್ಸ್ ಕೂಡ ಅವರೇ ನಡೆಸುತ್ತಾರೆ. ಕಲಿಕೆಯ ಖರ್ಚಷ್ಟೇ ನೋಡಿದರೆ ಔಲಿಯೇ ಗೆಲ್ಲಬೇಕು. ಆದರೆ ಡೆಹ್ರಾಡೂನ್ ವಿಮಾನ ನಿಲ್ದಾಣದಿಂದ ಔಲಿಯ ಕೆಳಗಿನ ಊರಾದ ಜೋಶಿಮಠಕ್ಕೇ ಸುಮಾರು 270 ಕಿ.ಮೀ. ಬರೀ ಘಾಟಿ. ನಮ್ಮ ಚಿಕ್ಕವಳಿಗೆ ದೇವಪ್ರಯಾಗ ದಾಟುವ ಮೊದಲೇ ವಾಂತಿ ಶುರು. ಮಕ್ಕಳಿದ್ದರೆ ದಾರಿಯಲ್ಲಿ ಒಂದು ರಾತ್ರಿ ತಂಗಲೇಬೇಕು, ಬರುವಾಗಲೂ ಅಷ್ಟೇ. ಜೀಪಿನ ಬಾಡಿಗೆ, ಹೆಚ್ಚುವರಿ ಕೋಣೆ, ನನ್ನ ಹೆಚ್ಚುವರಿ ರಜೆ ಎಲ್ಲ ಸೇರಿ ಉಳಿಸಿದ್ದು ಅಲ್ಲೇ ಕರಗಿತು. ಜೋಶಿಮಠದಲ್ಲಿ ನೆಲ ಕುಸಿದು 2023ರ ಜನವರಿಯಲ್ಲಿ ಔಲಿಯ ರೋಪ್‌ವೇ ನಿಂತಿತಲ್ಲ, ಆಮೇಲೆ ಕೊನೆಯ ಏರಿಗೂ ಗಾಡಿಯನ್ನೇ ನಂಬಬೇಕಾಯಿತು.

ಗುಲ್ಮಾರ್ಗ್‌ಗೆ ಶ್ರೀನಗರದಿಂದ ಐವತ್ತು ಚಿಲ್ಲರೆ ಕಿ.ಮೀ. ಅಷ್ಟೇ. ವಿಮಾನದ ಟಿಕೆಟ್ ದುಬಾರಿ, ನಿಜ. ಆದರೆ ಇಳಿದ ಮರುದಿನ ಬೆಳಿಗ್ಗೆ ಮಕ್ಕಳು ಸ್ಕೀ ಮೇಲಿದ್ದರು.

ತಲೆನೋವು ಇರುವುದು ಟಂಗ್‌ಮಾರ್ಗ್‌ನಲ್ಲಿ. ಗುಲ್ಮಾರ್ಗ್‌ನಿಂದ 13 ಕಿ.ಮೀ. ಕೆಳಗಿನ ಊರು ಇದು. ಕೋಣೆಗಳು ಮೇಲಿಗಿಂತ ಎಷ್ಟೋ ಅಗ್ಗ ಅಂತ ಇಲ್ಲೇ ಉಳಿದೆವು. ಹಿಮ ಬಿದ್ದ ದಿನ ಮಾಮೂಲಿ ಟ್ಯಾಕ್ಸಿಯನ್ನು ಇಲ್ಲಿಂದ ಮುಂದೆ ಬಿಡುವುದಿಲ್ಲ. ಚಕ್ರಕ್ಕೆ ಚೈನ್ ಕಟ್ಟಿದ ಗಾಡಿ ಅಥವಾ ಫೋರ್ ಬೈ ಫೋರ್ ಬೇಕು. ಶ್ರೀನಗರದ ಟ್ಯಾಕ್ಸಿಯವನು ಗುಲ್ಮಾರ್ಗ್‌ವರೆಗೂ ಅಂತ ದುಡ್ಡು ಮಾತಾಡಿಕೊಂಡು ಇಲ್ಲಿ ಕೈ ಎತ್ತಿದ. ಕೆಸರು ಹಿಮದಲ್ಲಿ ಸೂಟ್‌ಕೇಸ್ ಎಳೆಯುತ್ತಾ ಇನ್ನೊಂದು ಗಾಡಿಗೆ ಚೌಕಾಸಿ ಮಾಡಬೇಕಾಯಿತು.

ಅಲ್ಲಿ ರೇಟು ತಲೆಗಲ್ಲ, ಗಾಡಿಗೆ. ನಾವು ನಾಲ್ಕೇ ಜನ, ಸುಮೋ ಅರ್ಧ ಖಾಲಿ. ಪೂರ್ತಿ ಬಾಡಿಗೆ ನಮ್ಮದೇ. ಸಂಜೆ ಇನ್ನೂ ಕಷ್ಟ. ಎಲ್ಲರೂ ಒಟ್ಟಿಗೇ ಇಳಿಯಲು ಹೊರಡುತ್ತಾರೆ, ಬೆಳಿಗ್ಗೆ ಹೇಳಿದ ರೇಟು ಆಗ ಯಾರಿಗೂ ನೆನಪಿರುವುದಿಲ್ಲ. ಮೊದಲೆರಡು ದಿನ ಹೀಗೇ ಹೋಯಿತು. ಕೋಣೆಯಲ್ಲಿ ಉಳಿದ ದುಡ್ಡು ಗಾಡಿಗೆ ಸುರಿಯಿತು.

ಮೂರನೇ ದಿನ ಗೆಸ್ಟ್‌ಹೌಸ್‌ನಲ್ಲಿದ್ದ ಪುಣೆಯ ಸಂಸಾರದವರನ್ನು ಮಾತಾಡಿಸಿ, ಎರಡೂ ಮನೆಗೆ ಸೇರಿ ಒಂದೇ ಸುಮೋ ಗೊತ್ತು ಮಾಡಿದೆವು. ಹೋಗಿ ಬರುವುದು ಸೇರಿಸಿ ದಿನಕ್ಕಿಷ್ಟು ಅಂತ. ಸಂಜೆಗೆ ಅವನೇ ಕಾಯುತ್ತಿದ್ದ. ಸ್ಕೀ, ಬೂಟು ಹೊತ್ತು ಇಳಿಯುವ ಬದಲು ಮೇಲಿನ ಬಾಡಿಗೆ ಅಂಗಡಿಯಲ್ಲೇ ರಾತ್ರಿ ಬಿಟ್ಟೆವು. ಆಮೇಲೆ ಖರ್ಚು ಹಿಡಿತಕ್ಕೆ ಬಂತು.

ಗೊಂಡೋಲಾ, ಅಂದರೆ ಗುಲ್ಮಾರ್ಗ್‌ನ ಕೇಬಲ್ ಕಾರಿನ ಟಿಕೆಟ್ ಪೂರ್ತಿ ಬಿಟ್ಟೆವು. ಅದರ ಎರಡನೇ ಹಂತ ಹೋಗುವುದು ಅಫರ್ವತ್ ಬೆಟ್ಟಕ್ಕೆ, ಅಲ್ಲಿನ ಇಳಿಜಾರು ಪಳಗಿದವರಿಗೆ. ಕಲಿಯುವವರಿಗೆ ಕೆಳಗಿನ ಬಯಲೇ ಸಾಕು. ಮಕ್ಕಳು ಸ್ಕೀಯ ಮೂತಿಗಳನ್ನು ಹತ್ತಿರ ತಂದು, ಹಿಂಬದಿ ಅಗಲಿಸಿ, ಪಿಜ್ಜಾ ತುಂಡಿನ ಆಕಾರ ಮಾಡಿ ವೇಗ ತಗ್ಗಿಸಿ ನಿಲ್ಲುವುದನ್ನು ಕಲಿತಿದ್ದು ಅಲ್ಲೇ. ತರಬೇತುದಾರನಿಗೆ ಗಂಟೆ ಲೆಕ್ಕದಲ್ಲಿ ಕೊಡಬೇಡಿ, ಇಡೀ ಮನೆಗೆ ದಿನದ ಲೆಕ್ಕ ಮಾತಾಡಿ.

ಸ್ಕೀ, ಬೂಟು ಬಾಡಿಗೆಗೆ ತಗೊಳ್ಳಿ. ಗ್ಲೌಸ್ ಮಾತ್ರ ಊರಿಂದಲೇ ಕೊಂಡು ಹೋಗಿ. ಬಾಡಿಗೆಯ ಗ್ಲೌಸ್‌ಗೆ ಬೆರಳು ತೂರಿಸಿದರೆ ನಿನ್ನೆಯವರ ಹಿಮ ಒಳಗೇ ಇರುತ್ತದೆ. ಹೊರಗಿನ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಂದಾದರೂ ಪೋಸ್ಟ್‌ಪೇಯ್ಡ್ ಇರಲಿ. ಊಟಕ್ಕೆ ಚಿಂತೆಯಿಲ್ಲ, ಅಲ್ಲೂ ಅನ್ನ ಉಣ್ಣುವ ಜನ. ಚಟ್ನಿಪುಡಿ ನಾವೇ ಒಯ್ದಿದ್ದೆವು.

ಬದರಿ ಕಡೆಯ ಬೆಟ್ಟಗಳನ್ನು ನಿಧಾನವಾಗಿ ನೋಡುವ ಆಸೆ, ಕೈತುಂಬ ರಜೆ ಇರುವವರಿಗೆ ಔಲಿ ಸರಿ. ನನಗೆ ರಜೆಯೇ ದುಬಾರಿ ಬಾಬ್ತು. ಡಿಸೆಂಬರ್ ರಜೆಯಲ್ಲಿ ರೇಟೂ ಜಾಸ್ತಿ, ಹಿಮವೂ ಖಾತ್ರಿಯಿಲ್ಲ. ಹಾಗಾಗಿ ಮಕ್ಕಳ ಪರೀಕ್ಷೆಗೆ ಮೊದಲು, ಫೆಬ್ರವರಿ ಆರಂಭದಲ್ಲಿ ಶಾಲೆಗೆ ರಜೆ ಹಾಕಿಸಿ ಹೋಗುತ್ತೇವೆ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲೇ ಹಿಮವಿಲ್ಲದೆ ಹುಲ್ಲು ಕಾಣುತ್ತಿತ್ತು ಅಲ್ವಾ? ಅದಕ್ಕೇ ಕೋಣೆಯನ್ನು ದುಡ್ಡು ವಾಪಸ್ ಬರುವ ಹಾಗೆ ಮಾತ್ರ ಬುಕ್ ಮಾಡುತ್ತೇನೆ, ನೂರಿನ್ನೂರು ಜಾಸ್ತಿಯಾದರೂ ಸರಿ.