‘ಡಿಎಲ್‌ಎಲ್ ಬದಲಿಸಿ ಸಾಕು ಸರ್’ ಅಂದರೆ ನಂಬಬೇಡಿ

ಇನ್ನೂ ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರಲ್ಲೇ (ವಿಂಡೋಸ್ ಪ್ರೋಗ್ರಾಂಗಳಿಗೆ ಮೈಕ್ರೋಸಾಫ್ಟ್ ಕೊಟ್ಟ ಹಳೇ ವ್ಯವಸ್ಥೆ) ಕೆಲಸ ಮಾಡುತ್ತಾ, ಹೊರಗಿನವರ ಡಿಎಲ್‌ಎಲ್ (ಪ್ರೋಗ್ರಾಂ ಓಡುವಾಗ ಕರೆದು ಬಳಸುವ ಸಿದ್ಧ ಕೋಡಿನ ಫೈಲ್) ಬಳಸುತ್ತಿರುವವರಿಗೆ ಈ ಮಾತು.

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಲೇಬಲ್ ಪ್ರಿಂಟ್ ಮಾಡಲು ಒಂದು ಕಂಪನಿಯ ಲೈಬ್ರರಿ ಇತ್ತು. ಹೆಸರು ಬೇಡ ಬಿಡಿ. ಒಂದು ಬಗ್ ಹೇಳಿದೆವು, ಸರಿಮಾಡಿ ಹೊಸ ಡಿಎಲ್‌ಎಲ್ ಕಳಿಸಿದರು. ‘ಹಳೇ ಫೈಲ್ ಮೇಲೆ ಕಾಪಿ ಮಾಡಿ ಸಾಕು ಸರ್, ಬೇರೇನೂ ಬದಲಾಗಿಲ್ಲ’ ಅಂದರು. ಪ್ರಾಪರ್ಟೀಸ್ ತೆರೆದು ನೋಡಿದರೆ ಫೈಲ್ ವರ್ಷನ್ ಮೊದಲಿದ್ದದ್ದೇ, 1.0.0.0. ಆಫೀಸಿನಲ್ಲಿ ಟೆಸ್ಟ್ ಕೂಡ ಪಾಸಾಯಿತು. ಆಗದೇ ಏನು, ಅಲ್ಲಿ ಇಡೀ ಪ್ರೋಗ್ರಾಂ ಆ ಹೊಸ ಡಿಎಲ್‌ಎಲ್ ಜೊತೆಗೇ ಹೊಸದಾಗಿ ಬಿಲ್ಡ್ ಆಗಿತ್ತಲ್ಲ!

ಗಿರಾಕಿಗಳ ಕಂಪ್ಯೂಟರಿಗೆ ಹೋಗಿದ್ದು ಡಿಎಲ್‌ಎಲ್ ಮಾತ್ರ. ಬೆಳಿಗ್ಗೆ ಅಂಗಡಿಗಳು ತೆರೆಯುತ್ತಿದ್ದಂತೆ ಫೋನು ಶುರು. ಲೇಬಲ್ ಬಟನ್ ಒತ್ತಿದ ಕಡೆಯೆಲ್ಲ ಫೈಲ್‌ಲೋಡ್‌ಎಕ್ಸೆಪ್ಶನ್, ಕೊನೆಯಲ್ಲಿ 80131040 ಅನ್ನುವ ಕೋಡ್. ಅಂದರೆ ಫೈಲ್ ಸಿಕ್ಕಿದೆ, ಆದರೆ ಪ್ರೋಗ್ರಾಂ ಕೇಳಿದ್ದು ಅದನ್ನಲ್ಲ.

ಒಳಗೆ ನೋಡಿದರೆ ಅಸೆಂಬ್ಲಿ ವರ್ಷನ್ (ಪ್ರೋಗ್ರಾಂ ಡಿಎಲ್‌ಎಲ್ ಕೇಳುವಾಗ ನೋಡುವ ನಂಬರ್) 1.0.8846.31020! ಅವರು ಕೋಡಿನಲ್ಲಿ ವರ್ಷನ್ನಿಗೆ ‘1.0.*’ ಅಂತ ಬರೆದು ಕೈತೊಳೆದುಕೊಂಡಿದ್ದರು. ಆ ನಕ್ಷತ್ರ ಇದ್ದರೆ ಕಂಪೈಲರ್ ತಾನೇ ಎರಡು ಅಂಕಿ ತುಂಬುತ್ತದೆ. ಮೊದಲನೆಯದು 2000ದ ಜನವರಿ 1ರಿಂದ ಕಳೆದ ದಿನಗಳು, ಎರಡನೆಯದು ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳ ಅರ್ಧ. ಲೆಕ್ಕ ಹಾಕಿದರೆ 2024ರ ಮಾರ್ಚ್ 21, ಸಂಜೆ 5 ಗಂಟೆ 14 ನಿಮಿಷ. ಬಿಲ್ಡ್ ಮಾಡಿದಷ್ಟು ಸಲವೂ ಹೊಸ ವರ್ಷನ್. ಸ್ಟ್ರಾಂಗ್ ನೇಮ್ (ತಯಾರಿಸಿದವರ ಕೀಯಿಂದ ಹಾಕಿದ ಗುರುತು) ಸೈನ್ ಇರುವ ಡಿಎಲ್‌ಎಲ್‌ನಲ್ಲಿ ಫ್ರೇಮ್‌ವರ್ಕ್ ಈ ನಾಲ್ಕೂ ಅಂಕಿ ಹೊಂದಲೇಬೇಕು ಅನ್ನುತ್ತದೆ. ಫೈಲ್ ವರ್ಷನ್ನನ್ನು ತಿರುಗಿಯೂ ನೋಡುವುದಿಲ್ಲ.

ಕಾನ್ಫಿಗ್ ಫೈಲಿನಲ್ಲಿ ಬೈಂಡಿಂಗ್ ರೀಡೈರೆಕ್ಟ್ (ಹಳೇ ವರ್ಷನ್ ಕೇಳಿದರೆ ಹೊಸದನ್ನು ಕೊಡು ಅನ್ನುವ ಸೂಚನೆ) ಹಾಕಿ ಅವತ್ತಿಗೆ ಪಾರಾದೆವು. ಮುಂದಿನ ಸಲ ಅದೂ ಕೆಲಸಕ್ಕೆ ಬರಲಿಲ್ಲ. ಆ ಕಂಪನಿಯವರ ಹಳೇ ಕೀ ಫೈಲ್ ಕಳೆದುಹೋಗಿದೆಯಂತೆ, ಸುಮ್ನೆ ಹೊಸ ಕೀ ಮಾಡಿ ಸೈನ್ ಮಾಡಿದ್ದಾರೆ! ಕೀ ಬದಲಾದರೆ ಪಬ್ಲಿಕ್ ಕೀ ಟೋಕನ್ (ಆ ಕೀಯಿಂದ ಹುಟ್ಟುವ ಚಿಕ್ಕ ಗುರುತು) ಬದಲಾಗುತ್ತದೆ, ಫ್ರೇಮ್‌ವರ್ಕಿನ ಲೆಕ್ಕದಲ್ಲಿ ಅದು ಬೇರೆಯದೇ ಲೈಬ್ರರಿ. ರೀಡೈರೆಕ್ಟ್ ವರ್ಷನ್ನನ್ನಷ್ಟೇ ತಿರುಗಿಸುತ್ತದೆ, ಟೋಕನ್ನನ್ನಲ್ಲ. ಲಾಗ್ ಬರೆಯುವ ಲೈಬ್ರರಿ ಲಾಗ್‌ಫೋರ್‌ನೆಟ್ 1.2.11ರಲ್ಲಿ ಕೀ ಬದಲಾದಾಗಲೂ ಎಷ್ಟೋ ಜನ ಇದೇ ಪಾಡು ಪಟ್ಟಿದ್ದರು. ಲಾಗ್‌ಫೋರ್‌ನೆಟ್‌ನವರಾದರೂ ಹಳೇ ಕೀಯಲ್ಲಿ ಸೈನ್ ಮಾಡಿದ ಪ್ರತಿಯನ್ನೂ ಜೊತೆಗೆ ಕೊಟ್ಟಿದ್ದರು. ನಮಗೆ ಆ ಭಾಗ್ಯವೂ ಇಲ್ಲ. ಎಲ್ಲ ರೀಬಿಲ್ಡ್ ಮಾಡಿ ಮತ್ತೆ ಹಂಚಿದ್ದಾಯಿತು.

ಹಾಗಾಗಿ ಹೊಸ ಡಿಎಲ್‌ಎಲ್ ಬಂದರೆ ಪವರ್‌ಶೆಲ್‌ನಲ್ಲಿ (ವಿಂಡೋಸಿನ ಕಮಾಂಡ್ ಕಿಟಕಿ) ಗೆಟ್‌ಅಸೆಂಬ್ಲಿನೇಮ್ ಕರೆದು ಪೂರ್ತಿ ಹೆಸರು ತೆಗೆಯಿರಿ. ಹೆಸರು, ವರ್ಷನ್, ಟೋಕನ್ ಎಲ್ಲ ಒಂದೇ ಸಾಲಿನಲ್ಲಿ ಬರುತ್ತದೆ. ಹಳೆಯದರ ಪಕ್ಕ ಇಟ್ಟು ನೋಡಿ. ಬಗ್ ಸರಿಮಾಡಿದಾಗ ಬದಲಾಗಬೇಕಾದ್ದು ಫೈಲ್ ವರ್ಷನ್, ಅಸೆಂಬ್ಲಿ ವರ್ಷನ್ ಅಲ್ಲ. ಇವರು ಸರಿಯಾಗಿ ಉಲ್ಟಾ ಮಾಡಿದ್ದರು.

ಇನ್ನೊಂದು, ‘ಸ್ಟ್ರಾಂಗ್ ನೇಮ್ ಇದೆ, ಸೇಫ್’ ಅಂತಲೂ ಹೇಳುತ್ತಾರೆ. ಅದು ಗುರುತಿಗೆ ಮಾತ್ರ. ಫೈಲ್ ಕಳಿಸಿದವರು ಯಾರು ಅನ್ನುವುದಕ್ಕೆ ಆಥೆಂಟಿಕೋಡ್ ಸಹಿ ಬೇಕು. ಅದರಲ್ಲಿ ಟೈಮ್‌ಸ್ಟಾಂಪ್ (ಸಹಿ ಹಾಕಿದ ಸಮಯದ ಮುದ್ರೆ) ಇದೆಯಾ ನೋಡಿ, ಇಲ್ಲದಿದ್ದರೆ ಸರ್ಟಿಫಿಕೇಟ್ ಅವಧಿ ಮುಗಿದ ದಿನ ಸಹಿಯೂ ಮುಗಿಯಿತು. ನಮಗೆ ಬಂದ ಡಿಎಲ್‌ಎಲ್‌ನಲ್ಲಿ ಆ ಸಹಿಯೇ ಇರಲಿಲ್ಲ.